ಪತ್ರಿಕೆಯ ಅರ್ಧ ಹಾಳೆ

ಕಳೆದ ಶನಿವಾರ ರಾತ್ರಿಯಿಂದ ಒಂದೇ ದೃಶ್ಯ ನನ್ನ ಕಣ್ಣ ಮುಂದೆ ಬಂದು ನಿಲ್ಲುತ್ತಿದೆ. ಲೈನಾ ಎಂಬ ಐಸ್ ಹಾಕಿ ರಿಂಕಿನ ಆಚೆ ಬದಿಯಲ್ಲಿ, ವಿದ್ಯಾರ್ಥಿಗಳು ಕಿಕ್ಕಿರಿದು ನಿಂತಿದ್ದ ಮೆಟ್ಟಿಲುಗಳ ನಡುವೆ, ನನ್ನ ಮಗಳು ಕೈಯಲ್ಲಿದ್ದ ಪತ್ರಿಕೆಯನ್ನು ಮಡಿಕೆಗುಂಟ ಹರಿದು, ಪಕ್ಕದಲ್ಲಿ ಬರಿಗೈಯಲ್ಲಿ ನಿಂತಿದ್ದ ಹುಡುಗನೊಬ್ಬನಿಗೆ ಅರ್ಧ ಕೊಟ್ಟಳು. ಕೊಡುವಾಗ ಅವನ ಕಿವಿಯ ಹತ್ತಿರ ಬಾಗಿ ಏನೋ ಹೇಳಿದಳು. ಅವನು ತಲೆಯಾಡಿಸಿ ಹಾಳೆಯನ್ನು ಮುಖಕ್ಕೆ ಅಡ್ಡ ಹಿಡಿದುಕೊಂಡ. ನಡುವೆ ಮಂಜುಗಡ್ಡೆಯ ಅಂಗಳವೂ ಬ್ಯಾಂಡಿನ ಅಬ್ಬರವೂ ಇದ್ದುದರಿಂದ ಅವಳ ಮಾತು ನನಗೆ ಕೇಳಿಸುವಂತಿರಲಿಲ್ಲ. ಮರುಕ್ಷಣ ಇಬ್ಬರೂ ಪತ್ರಿಕೆಗಳ ಗೋಡೆಯ ಹಿಂದೆ ಮರೆಯಾದರು.

ಮಗಳು ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯಕ್ಕೆ ಸೇರಿದ್ದು 2022ರಲ್ಲಿ. ಈ ಮೇ ತಿಂಗಳಲ್ಲಿ ಅವಳ ಓದು ಮುಗಿಯುತ್ತದೆ. ವಿದ್ಯಾರ್ಥಿನಿಯಾಗಿ ಅವಳು ಲೈನಾದಲ್ಲಿ ನಿಂತು ನೋಡುವ ಕೊನೆಯ ಆಟಗಳಲ್ಲಿ ಇದೂ ಒಂದು ಎಂಬ ಕಾರಣಕ್ಕೇ ನಾನು ಅಂದು ಟಿಕೆಟ್ ಕೊಂಡಿದ್ದೆ. ಹಾಗಾಗಿ ಆಟದ ಫಲಿತಾಂಶ ಬರೆಯಲು ನಾನು ಕುಳಿತಿಲ್ಲ. ಎದುರಾಳಿ ತಂಡ ಯಾವುದೆಂಬುದೂ ಇಲ್ಲಿ ಮುಖ್ಯವಲ್ಲ.

ಅಲ್ಲಿನ ಪದ್ಧತಿ ಹೀಗಿದೆ. ಆಟ ಶುರುವಾಗುವ ಮುಂಚೆ ಎದುರಾಳಿ ತಂಡದ ಆಟಗಾರರ ಹೆಸರುಗಳನ್ನು ಧ್ವನಿವರ್ಧಕದಲ್ಲಿ ಓದುತ್ತಿರುವಾಗ ವಿದ್ಯಾರ್ಥಿಗಳೆಲ್ಲ ಪತ್ರಿಕೆ ಬಿಡಿಸಿ ಅದರಲ್ಲಿ ಮುಳುಗಿಬಿಡುತ್ತಾರೆ. ಬಂದವರು ಯಾರೆಂದು ತಲೆಯೆತ್ತಿ ನೋಡುವಷ್ಟೂ ಆಸಕ್ತಿ ನಮಗಿಲ್ಲ ಎಂದು ತಿಳಿಸುವ ಬಗೆ ಅದು. ಹಾಳೆಗಳನ್ನು ಸರಸರ ಅಲುಗಾಡಿಸಿ ‘ಬೋರಿಂಗ್’ ಎಂದು ರಾಗವಾಗಿ ಕೂಗುತ್ತಾರೆ. ತಮ್ಮ ತಂಡ ಅಂಗಳಕ್ಕೆ ಇಳಿಯುವ ಹೊತ್ತಿಗೆ ಅದೇ ಹಾಳೆಗಳು ಮುದ್ದೆಯಾಗಿ ಗಾಳಿಯಲ್ಲಿ ಹಾರುತ್ತವೆ. ಇಂದಿನ ಮಕ್ಕಳು ಮುದ್ರಿತ ಪತ್ರಿಕೆಯನ್ನು ಬೇರೆಲ್ಲೂ ಮುಟ್ಟುವುದಿಲ್ಲ. ನಮ್ಮ ಮನೆಗೆ ಈಗಲೂ ಪತ್ರಿಕೆ ಬರುವುದರಿಂದ, ಚಳಿಗಾಲವಿಡೀ ಗ್ಯಾರೇಜಿನ ಮೂಲೆಯಲ್ಲಿರುವ ರದ್ದಿಯ ಕಟ್ಟಿನಿಂದ ನಾಲ್ಕಾರು ಸಂಚಿಕೆಗಳನ್ನು ಮಗಳು ಎತ್ತಿಕೊಂಡು ಹೋಗುವುದು ವಾಡಿಕೆಯಾಗಿದೆ. ಶನಿವಾರ ಅವಳು ಹರಿದದ್ದೂ ನಾನು ಚಹಾ ಕುಡಿಯುತ್ತಾ ಓದಿ ಮಡಿಸಿಟ್ಟ ಪತ್ರಿಕೆಯನ್ನೇ.

ನನ್ನ ಪಕ್ಕದ ಆಸನದಲ್ಲಿ 1970ರಲ್ಲಿ ಪದವಿ ಪಡೆದ ಒಬ್ಬ ಹಿರಿಯ ಮಹಿಳೆ ಇದ್ದರು. ಆ ವರ್ಷ ಕಾರ್ನೆಲ್ ತಂಡ ಆಡಿದ 29 ಆಟಗಳಲ್ಲಿ 29ನ್ನೂ ಗೆದ್ದು ರಾಷ್ಟ್ರೀಯ ಚಾಂಪಿಯನ್ ಆಗಿತ್ತು. ಅದಕ್ಕೂ ಮೊದಲು 1967ರಲ್ಲಿ ಗೆದ್ದಾಗ ಗೋಲು ಕಾಯುತ್ತಿದ್ದವರು ಕೆನ್ ಡ್ರೈಡನ್. ಕಾರ್ನೆಲ್‌ನಲ್ಲಿ ಅವರ ಲೆಕ್ಕ 76 ಗೆಲುವು, ನಾಲ್ಕು ಸೋಲು, ಒಂದು ಸಮ. ಡ್ರೈಡನ್ 2025ರ ಸೆಪ್ಟೆಂಬರಿನಲ್ಲಿ ತೀರಿಕೊಂಡರು. ಆ ಮಾತು ಬಂದಾಗ ಆಕೆ ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಬಿಡುವು ಸಿಕ್ಕಾಗ ಕೋಲಿನ ತುದಿಯ ಮೇಲೆ ಗಲ್ಲವೂರಿ ನಿಂತಿರುತ್ತಿದ್ದ. ನಾವೆಲ್ಲ ಛತ್ರಿಯ ಹಿಡಿಯ ಮೇಲೆ ಗಲ್ಲವಿಟ್ಟು ಅವನ ಹಾಗೇ ನಿಲ್ಲುತ್ತಿದ್ದೆವು’ ಎಂದರು. ಇಂಥ ಹಿರಿಯರ ಬಗ್ಗೆ ನನಗಿರುವ ಗೌರವ ದೊಡ್ಡದು. ‘ನಮ್ಮ ಕಾಲದಲ್ಲಿ’ ಎಂದು ಮಾತು ತೆಗೆದರೂ ಇಂದಿನ ಮಕ್ಕಳನ್ನು ಅವರು ಹಳಿಯುವುದಿಲ್ಲ. ಆಟದ ನಡುವೆ ಎದುರು ಬದಿಯ ಮಕ್ಕಳು ಒಂದು ಕೂಗನ್ನು ಸರಿಯಾದ ಹೊತ್ತಿಗೆ ಎತ್ತಿಕೊಂಡರೆ ತಮ್ಮ ಶಿಷ್ಯರು ಪಾಠ ಒಪ್ಪಿಸಿದಂತೆ ಸಂತೋಷಪಡುತ್ತಾರೆ. ನಮ್ಮ ಮುಂದಿನ ಸಾಲಿನಲ್ಲಿ ಕುಳಿತವರೊಬ್ಬರು ಇಡೀ ಆಟವನ್ನು ಫೋನಿನಲ್ಲಿ ಚಿತ್ರಿಸುತ್ತಿದ್ದರು. ಅವರು ಒಮ್ಮೆಯೂ ಬಾಯಿ ತೆರೆಯಲಿಲ್ಲ. ಚಿತ್ರ ಅವರ ಬಳಿ ಉಳಿದೀತು. ಕೂಗು ಅದರಿಂದ ಉಳಿಯುವುದಿಲ್ಲ.

ಲೈನಾ 1957ರಲ್ಲಿ ಕಟ್ಟಿದ ರಿಂಕು. ಜನ ಹಿಡಿಸುವುದು 4,267. ಸೂರು ತಗ್ಗಾಗಿರುವುದರಿಂದ ಅಷ್ಟು ಜನರ ದನಿಯೂ ಮೇಲೆ ಹೋಗಲಾರದೆ ತಿರುಗಿ ತಲೆಯ ಮೇಲೆಯೇ ಬೀಳುತ್ತದೆ. ಮೊದಲ ಸಲ ಅಲ್ಲಿಗೆ ಹೋದಾಗ ನನ್ನನ್ನು ನಿಜಕ್ಕೂ ಬೆಚ್ಚಿಬೀಳಿಸಿದ್ದು ರಾಷ್ಟ್ರಗೀತೆ. ರಾಷ್ಟ್ರಗೀತೆಗೆ ಕೈ ಕೆಳಗೆ ಬಿಟ್ಟು ಅಲುಗಾಡದೆ ನಿಲ್ಲಬೇಕೆಂದು ಕಲಿತು ಬೆಳೆದವಳು ನಾನು. ಇಲ್ಲಿ ಅಮೆರಿಕದ ರಾಷ್ಟ್ರಗೀತೆಯ ನಡುವೆ ‘ರೆಡ್’ ಎಂಬ ಪದ ಬಂದ ತಕ್ಷಣ ಸಾವಿರಾರು ಕೊರಳು ಒಟ್ಟಾಗಿ ಆ ಒಂದೇ ಪದವನ್ನು ಗುಡುಗಿ, ಮತ್ತೆ ಏನೂ ಆಗಿಲ್ಲವೆಂಬಂತೆ ಶಾಂತವಾಗಿ ನಿಲ್ಲುತ್ತವೆ. ಕಾರ್ನೆಲ್ ತಂಡದ ಹೆಸರೇ ‘ಬಿಗ್ ರೆಡ್’. ನಾಲ್ಕು ವರ್ಷಗಳ ನಂತರವೂ ನಾನು ಆ ಪದಕ್ಕೆ ಬಾಯಿಗೂಡಿಸಿಲ್ಲ. ಆದರೆ ಅದು ಅವಮಾನವೆಂದು ಈಗ ಅನ್ನಿಸುವುದಿಲ್ಲ. ಆ ಗುಡುಗಿನ ಹಿಂದೆಯೂ ಮುಂದೆಯೂ ಇರುವ ನಿಶ್ಶಬ್ದದಲ್ಲಿ ಅವರು ಹಾಡನ್ನು ಎಷ್ಟು ಗಮನವಿಟ್ಟು ಕೇಳುತ್ತಾರೆಂಬುದು ನನಗೆ ಅರ್ಥವಾಗಿದೆ.

ವಿದ್ಯಾರ್ಥಿಗಳ ಬದಿಯ ಬಿ ಸೆಕ್ಷನ್ನಿನಿಂದ ಹಸುವಿನ ಗಂಟೆಯ ಸದ್ದು ಏಳುತ್ತದೆ. ಅದರ ತಾಳಕ್ಕೆ ಇಡೀ ಬದಿ ಚಪ್ಪಾಳೆ ಸೇರಿಸಿ ಕೂಗುತ್ತದೆ. ಕಾರ್ನೆಲ್‌ಗೂ ಹಸುವಿಗೂ ಇರುವ ನಂಟು ಹಳೆಯದು; ಇಲ್ಲಿ ಕೃಷಿ ಕಾಲೇಜಿದೆ. 1973ರಲ್ಲಿ ಹಾರ್ವರ್ಡ್‌ನವರು ಇದನ್ನೇ ಹೀಯಾಳಿಸಲು ಕಾರ್ನೆಲ್ ಗೋಲ್‌ಕೀಪರ್ ಕಡೆಗೆ ಕೋಳಿಯನ್ನು ಎಸೆದರಂತೆ. ಹಾರ್ವರ್ಡ್ ತಂಡ ಲೈನಾಕ್ಕೆ ಬಂದಾಗ ಇಲ್ಲಿನವರು, ಮೀನುಗಾರಿಕೆಗೆ ಹೆಸರಾದ ಬಾಸ್ಟನ್ ಸೀಮೆಯವರಿಗೆ ತಕ್ಕ ಉತ್ತರವೆಂದು, ಮೀನು ಎಸೆದರಂತೆ. ಆ ಮೀನು ಐವತ್ತು ವರ್ಷ ದಾಟಿ ಬಂದಿದೆ. ಅಂಗಳಕ್ಕೆ ವಸ್ತು ಎಸೆದರೆ ಸ್ವಂತ ತಂಡಕ್ಕೇ ದಂಡ ಬೀಳಬಹುದೆಂದು ಎಷ್ಟು ಎಚ್ಚರಿಸಿದರೂ ಅಂಗಿಯೊಳಗೆ ಮೀನು ಬಚ್ಚಿಟ್ಟುಕೊಂಡು ಬರುವವರು ಇದ್ದೇ ಇದ್ದಾರೆ. ಮಗಳು ಮೊದಲ ವರ್ಷ ಬೂತಾಯಿಯಂಥ ಪುಟ್ಟ ಮೀನೊಂದನ್ನು ಎಲ್ಲಿ ಕೊಳ್ಳಬಹುದೆಂದು ಕೇಳಿದಾಗ ನಾನು ಕಟ್ಟುನಿಟ್ಟಾಗಿ ಬೇಡವೆಂದಿದ್ದೆ. ಅನ್ನಕ್ಕೆ ಆಗುವ ವಸ್ತುವನ್ನು ಎಸೆಯಬಾರದೆಂಬ ಮಾತಿನಲ್ಲಿ ನನಗೆ ಇಂದಿಗೂ ನಂಬಿಕೆಯಿದೆ.

ತಮ್ಮ ತಂಡ ಗೋಲು ಹೊಡೆದಾಗಲೆಲ್ಲ ಅವರು ಎದುರಾಳಿ ಗೋಲ್‌ಕೀಪರ್ ಕಡೆ ಬೆರಳು ತೋರಿಸಿ ‘ಸಿವ್, ಸಿವ್’ ಎಂದು ಕೂಗುತ್ತಾರೆ. ಇಂಗ್ಲಿಷಿನ ಆ ಪದಕ್ಕೆ ನಮ್ಮ ಅಡುಗೆಮನೆಯ ಜರಡಿ ಎಂದೇ ಅರ್ಥ. ಹಾಕಿದ್ದೆಲ್ಲ ಸೋರಿಹೋಗುವ ಪಾತ್ರೆ! ಒಳ್ಳೆಯ ಬೈಗುಳವೆಂದು ನಾನೂ ಒಪ್ಪುತ್ತೇನೆ. ಆದರೆ ಅಷ್ಟಕ್ಕೇ ನಿಲ್ಲದೆ ಆ ಹುಡುಗನ ಹೆಸರು ಹಿಡಿದು, ಎಲ್ಲವೂ ನಿನ್ನದೇ ತಪ್ಪೆಂದು ಒಟ್ಟಾಗಿ ರಾಗ ಎಳೆಯುವಾಗ ನನ್ನ ಮನಸ್ಸು ಹಿಂಜರಿಯುತ್ತದೆ. ಅವನಿಗೂ ಇಪ್ಪತ್ತರ ಆಸುಪಾಸಿನ ವಯಸ್ಸು. ಹಳೆಯದೆಂಬ ಒಂದೇ ಕಾರಣಕ್ಕೆ ಎಲ್ಲವನ್ನೂ ಮುಂದೆ ದಾಟಿಸಬೇಕಾಗಿಲ್ಲ ಎಂದು ಮಗಳೊಡನೆ ವಾದ ಮಾಡಿದ್ದೇನೆ. ‘ಆಟ ಮುಗಿದ ಮೇಲೆ ಯಾರೂ ಅದನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳುವುದಿಲ್ಲ, ಅಮ್ಮ’ ಎನ್ನುತ್ತಾಳೆ. ಈ ಒಂದು ವಿಷಯದಲ್ಲಿ ನಾವು ಇನ್ನೂ ಒಮ್ಮತಕ್ಕೆ ಬಂದಿಲ್ಲ.

ಅವಳ ಪರವಾಗಿ ಹೇಳಬಹುದಾದ ಒಂದು ಘಟನೆಯನ್ನು ಪಕ್ಕದ ಆಸನದ ಹಿರಿಯರು ನೆನಪಿಸಿದರು. 1991ರ ಮಾರ್ಚಿನಲ್ಲಿ ರಾಷ್ಟ್ರೀಯ ಪಂದ್ಯಾವಳಿಯ ಮೂರು ಆಟಗಳ ಸರಣಿಗಾಗಿ ಕಾರ್ನೆಲ್ ತಂಡ ಮಿಷಿಗನ್ ವಿಶ್ವವಿದ್ಯಾಲಯದ ಯೋಸ್ಟ್ ರಿಂಕಿಗೆ ಹೋಗಿತ್ತು. ಸರಣಿಯನ್ನು ಗೆದ್ದದ್ದು ಮಿಷಿಗನ್. ಆದರೆ ಕಾರ್ನೆಲ್ ಇರುವ ಊರಾದ ಇಥಾಕಾದಿಂದ ಬಂದಿದ್ದ ಅಭಿಮಾನಿಗಳು ಅಲ್ಲಿ ಎಬ್ಬಿಸಿದ ಸದ್ದನ್ನು ಕಂಡು ಬೆರಗಾದ ಮಿಷಿಗನ್ ವಿದ್ಯಾರ್ಥಿಗಳು ಆ ಕೂಗುಗಳನ್ನೇ ಕಲಿತು ತಮ್ಮದಾಗಿಸಿಕೊಂಡರು. ಇವತ್ತಿಗೂ ಯೋಸ್ಟ್‌ನಲ್ಲಿ ಕೇಳುವ ಹಲವು ಕೂಗುಗಳ ಮೂಲ ಅದೇ ಎಂದು ಅಲ್ಲಿಯ ಜನರೇ ಒಪ್ಪಿಕೊಳ್ಳುತ್ತಾರೆ. ಬೈಸಿಕೊಂಡವರೇ ಬೈಗುಳವನ್ನು ಮೆಚ್ಚಿ ಮನೆಗೆ ಒಯ್ದರೆಂದರೆ ಅದರಲ್ಲಿ ವಿಷ ಅಷ್ಟಾಗಿ ಇರಲಾರದು.

ಇದೆಲ್ಲ ನನ್ನನ್ನು ಇಷ್ಟು ಕಾಡುವುದಕ್ಕೆ ನನ್ನ ಹುಟ್ಟೂರೂ ಕಾರಣ. ನನ್ನ ತವರು ಕೊಡಗಿನ ವಿರಾಜಪೇಟೆಯ ಬಳಿ. ಹಾಕಿ ಎಂದರೆ ನನಗೆ ಒದ್ದೆ ಹುಲ್ಲಿನ ಮೇಲೆ ಕೋಲು ತಾಗುವ ಸದ್ದು. 1997ರಲ್ಲಿ ಪಾಂಡಂಡ ಕುಟ್ಟಪ್ಪನವರು ಕರಡದಲ್ಲಿ ಕೊಡವ ಕುಟುಂಬಗಳ ಹಾಕಿ ಹಬ್ಬವನ್ನು ಆರಂಭಿಸಿದಾಗ 60 ತಂಡಗಳು ಬಂದಿದ್ದವು. 2024ರಲ್ಲಿ ಕುಂಡ್ಯೋಳಂಡ ಕುಟುಂಬ ನಾಪೋಕ್ಲಿನಲ್ಲಿ ನಡೆಸಿದಾಗ ಅದು 360 ಆಗಿತ್ತು. ಅಲ್ಲಿ ಅಜ್ಜ, ಮಗ, ಮೊಮ್ಮಗಳು ಒಂದೇ ಒಕ್ಕದ, ಅಂದರೆ ಮನೆತನದ, ಹೆಸರಿನಲ್ಲಿ ಆಡುತ್ತಾರೆ. ಕೊರೊನಾ ಕಾಲದಲ್ಲಿ ಆ ಹಬ್ಬವೂ ನಿಂತಿತ್ತು. 2023ರಲ್ಲಿ ಮತ್ತೆ ಆರಂಭವಾದಾಗ ಅದೇ ಮನೆಗಳಿಂದ, ಮನೆತನದ ಮೂಲಮನೆಯಾದ ಅದೇ ಐನ್‌ಮನೆಯ ಅಂಗಳಗಳಿಂದ, ಅದೇ ಜನ ಕೋಲು ಹಿಡಿದು ಹೊರಟರು. ಮರೆಯಲು ಕಾರಣವೇ ಇರಲಿಲ್ಲ.

ಇಥಾಕಾದಲ್ಲಿ ಹಾಗಲ್ಲ. ಇಲ್ಲಿ ರಕ್ತಸಂಬಂಧವಿಲ್ಲ, ಐನ್‌ಮನೆಯಿಲ್ಲ. ನಾಲ್ಕು ವರ್ಷಕ್ಕೊಮ್ಮೆ ಇಡೀ ಒಕ್ಕವೇ ಬದಲಾಗುತ್ತದೆ. 2020ರ ಮಾರ್ಚಿನಲ್ಲಿ ಕಾರ್ನೆಲ್ ತಂಡ ದೇಶಕ್ಕೇ ಮೊದಲ ಸ್ಥಾನದಲ್ಲಿದ್ದಾಗ ಆಟಗಳೆಲ್ಲ ಒಮ್ಮೆಲೇ ನಿಂತುಹೋದವು. ಮುಂದಿನ ಚಳಿಗಾಲದ ಆಟಗಳನ್ನು, ಕಾರ್ನೆಲ್ ಸೇರಿದಂತೆ ಎಂಟು ವಿಶ್ವವಿದ್ಯಾಲಯಗಳ ಕೂಟವಾದ ಐವಿ ಲೀಗ್ ಪೂರ್ತಿ ರದ್ದುಮಾಡಿತು. 2021ರ ಶರತ್ಕಾಲದಲ್ಲಿ ಲೈನಾದ ಬಾಗಿಲು ಪ್ರೇಕ್ಷಕರಿಗೆ ತೆರೆದಾಗ ಮೊದಲ ಎರಡು ವರ್ಷದ ವಿದ್ಯಾರ್ಥಿಗಳು ಇಲ್ಲಿ ಒಂದು ಆಟವನ್ನೂ ಕಂಡವರಲ್ಲ. ಮೂರನೆಯ ವರ್ಷದವರು ಒಂದು ಚಳಿಗಾಲ ಮಾತ್ರ, ಅದೂ ಅರ್ಧಕ್ಕೆ ನಿಂತದ್ದನ್ನು, ನೋಡಿದ್ದರು. ಆ ನಿಲುಗಡೆ ಇನ್ನೆರಡು ವರ್ಷ ಮುಂದುವರಿದಿದ್ದರೆ ಆ ಮೆಟ್ಟಿಲುಗಳ ಮೇಲೆ ಪತ್ರಿಕೆ ಯಾಕೆ ತರಬೇಕೆಂದು ಬಲ್ಲ ಒಬ್ಬ ವಿದ್ಯಾರ್ಥಿಯೂ ಉಳಿಯುತ್ತಿರಲಿಲ್ಲ. ನನ್ನ ಪಕ್ಕದಲ್ಲಿದ್ದ ಹಿರಿಯರಂಥವರು ಬಲ್ಲರು, ನಿಜ. ಆದರೆ ಎದುರು ಬದಿಯ ಕುರ್ಚಿಯಿಂದ ಯಾರಾದರೂ ಹದಿನೆಂಟರ ಹುಡುಗನ ಕಿವಿಯಲ್ಲಿ ಮಾತು ಹೇಳಲು ಸಾಧ್ಯವೇ?

ಭಾನುವಾರ ಮಧ್ಯಾಹ್ನ ಊಟಕ್ಕೆ ಬಂದ ಮಗಳನ್ನು ಕೇಳಿಯೇಬಿಟ್ಟೆ. ನಿನ್ನೆ ಆ ಹುಡುಗನಿಗೆ ಏನು ಹೇಳಿದೆ? ಅವಳಿಗೆ ಮೊದಲು ಯಾವ ಹುಡುಗನೆಂದೇ ನೆನಪಾಗಲಿಲ್ಲ. ಆಮೇಲೆ ತಟ್ಟೆಯಿಂದ ತಲೆಯೆತ್ತದೆ ಹೇಳಿದಳು: ‘ಓದೋ ಹಾಗೆ ನಟಿಸಬೇಡ, ನಿಜವಾಗಿ ಓದು ಅಂದೆ. ನಟಿಸಿದರೆ ಕಣ್ಣು ಅಂಗಳದ ಕಡೆಗೇ ಹೋಗುತ್ತೆ. ಓದಿದರೆ ಹೋಗಲ್ಲ.’

ಇದು ಅವಳ ಮಾತಲ್ಲ. ನಾಲ್ಕು ವರ್ಷಗಳ ಹಿಂದೆ, ಅವಳ ಮೊದಲ ಆಟದ ದಿನ, ಕೊನೆಯ ವರ್ಷದ ಒಬ್ಬ ಹುಡುಗಿ ಹೀಗೆಯೇ ಅರ್ಧ ಹಾಳೆ ಕೊಟ್ಟು ಹೇಳಿದ ಮಾತು. ಆ ಹುಡುಗಿಯ ಹೆಸರು ಮಗಳಿಗೆ ಗೊತ್ತಿಲ್ಲ, ಮತ್ತೆ ಮಾತನಾಡಿದ ನೆನಪೂ ಇಲ್ಲ. ಆದರೆ ಆ ದಿನ ತಾನು ಓದಿದ್ದು ಹಿಮ ಗೋರುವ ಯಂತ್ರದ ಜಾಹೀರಾತೆಂದು ಚೆನ್ನಾಗಿ ನೆನಪಿದೆ. ನಾನು ಬೆರಳು ಮಡಿಚಿ ಲೆಕ್ಕ ಹಾಕಿದೆ. 2022ರಲ್ಲಿ ಕೊನೆಯ ವರ್ಷದಲ್ಲಿದ್ದವಳು ವಿಶ್ವವಿದ್ಯಾಲಯಕ್ಕೆ ಬಂದದ್ದು 2019ರಲ್ಲಿ. ಅಂದರೆ ಅರ್ಧಕ್ಕೆ ನಿಂತ ಆ ಒಂದೇ ಚಳಿಗಾಲವನ್ನು ಕಂಡ ಬ್ಯಾಚಿನವಳು. ಆ ಕೆಲವು ತಿಂಗಳುಗಳಲ್ಲಿ ಯಾರೋ ಅವಳ ಕಿವಿಯಲ್ಲಿ ಹೇಳಿದ್ದನ್ನು, ಬಾಗಿಲು ಮುಚ್ಚಿದ ಒಂದೂವರೆ ವರ್ಷ ಮನಸ್ಸಿನಲ್ಲಿ ಜೋಪಾನವಾಗಿಟ್ಟುಕೊಂಡು, ಹೋಗುವ ಮುಂಚೆ ನನ್ನ ಮಗಳ ಕೈಗೆ ಹಾಳೆಯೊಂದಿಗೆ ಕೊಟ್ಟು ಹೋಗಿದ್ದಳು. ಇದನ್ನು ಹೇಳಿದಾಗ ಮಗಳು ಊಟ ನಿಲ್ಲಿಸಿ ನನ್ನನ್ನೇ ನೋಡಿದಳು. ಅವಳು ಎಂದೂ ಹಾಗೆ ಲೆಕ್ಕ ಹಾಕಿರಲಿಲ್ಲ.

ಶನಿವಾರದ ಆ ದೃಶ್ಯವನ್ನು ಮತ್ತೆ ಮತ್ತೆ ನೆನೆಯುವಾಗ ನಾನು ಈಗ ನೋಡುವುದು ಮಗಳನ್ನಲ್ಲ, ಆ ಹುಡುಗನನ್ನು. ಹಾಳೆ ಕೈಗೆ ಬಂದ ಮೇಲೆ ಅವನು ಮೊದಲು ಅದನ್ನು ತಲೆಕೆಳಗಾಗಿ ಹಿಡಿದಿದ್ದ. ಅವಳ ಮಾತು ಕೇಳಿದ ಮೇಲೆ ತಿರುಗಿಸಿ ನೇರ ಮಾಡಿಕೊಂಡ.

ಅವನು ಮೊದಲ ವರ್ಷದವನಂತೆ. ಆಟ ಮುಗಿದ ಮೇಲೆ, ಇಷ್ಟೊಂದು ಪತ್ರಿಕೆ ನಿನಗೆ ಎಲ್ಲಿ ಸಿಗುತ್ತದೆಂದು ಮಗಳನ್ನು ಕೇಳಿದ್ದನಂತೆ. ಅವಳು ನಮ್ಮ ಮನೆಯ ದಾರಿ ಹೇಳಿದ್ದಾಳೆ. ಚಂದಾ ಮುಗಿಯುವ ತಿಂಗಳು ಇದು. ಇನ್ನು ಮುದ್ರಿತ ಪತ್ರಿಕೆ ಬೇಡವೆಂದು ಮನೆಯಲ್ಲಿ ಮಾತಾಗಿತ್ತು. ಸೋಮವಾರ ಬೆಳಿಗ್ಗೆ ಒಂದು ವರ್ಷಕ್ಕೆ ಹಣ ಕಟ್ಟಿದ್ದೇನೆ. ಗ್ಯಾರೇಜಿನ ಕಟ್ಟನ್ನು ರದ್ದಿಗೆ ಹಾಕದೆ, ಮಳೆಯ ತೇವ ತಾಗದ ಹಾಗೆ ಮೇಲಿನ ಅಟ್ಟಕ್ಕೆ ಏರಿಸಿಟ್ಟಿದ್ದೇನೆ. ಆಟಗಳು ಮತ್ತೆ ಶುರುವಾಗುವುದು ಅಕ್ಟೋಬರಿನ ಕೊನೆಗೆ.