ಎಲಿ ಜಾಡಿಸಿ ಕೊಡ್ರಿ

"ಎಲಿ ಜಾಡಿಸಿ ಕೊಡ್ರಿ, ಕಸ ಇದ್ರ ತೂಕಕ್ಕ ಹಾಕಂಗಿಲ್ಲ." ರದ್ದಿಯವನ ಈ ಮಾತು ವಾರವಿಡೀ ಕಿವಿಯಲ್ಲಿದೆ.

ನಮ್ಮ ಓಣಿಯ ಸಸ್ಯಶಾಸ್ತ್ರದ ಮೇಷ್ಟ್ರು ಹೋದ ಮೇಲೆ ಮಗ ಮನೆ ಖಾಲಿ ಮಾಡಿಸುತ್ತಿದ್ದ. ಟ್ರಂಕಿನ ತುಂಬಾ ಹಳೇ ಪೇಪರ್, ಪ್ರತಿ ಮಡಿಕೆಯಲ್ಲಿ ಒಣಗಿಸಿದ ಒಂದು ಗಿಡ, ಜೊತೆಗೊಂದು ಚೀಟಿ. ರದ್ದಿಯವನದೇನೂ ತಪ್ಪಿಲ್ಲ, ಅವನಿಗೆ ಬೇಕಿದ್ದದ್ದು ಕಾಗದ. ಆದ್ರೆ ಮಗ ಫೋನಿನಿಂದ ತಲೆ ಎತ್ತದೆ "ಜಾಡಿಸ್ಕೊ" ಅಂದನಲ್ಲ! ಓದಿದ ಹುಡುಗ, ಅಪ್ಪನ ತಿಥಿಗೆ ಓಣಿಗೆಲ್ಲ ಊಟ ಹಾಕಿಸಿದವನು. ಅದಕ್ಕೆ ಖರ್ಚು ಮಾಡೋಕೆ ಕೈ ಬರುತ್ತೆ, ಇದನ್ನು ಒಂದು ಸಲ ಬಿಚ್ಚಿ ನೋಡೋಕೆ ಪುರುಸೊತ್ತಿಲ್ಲ. ನಾನೇ ಅಡ್ಡ ಹೋಗಿ ಟ್ರಂಕು ಎತ್ತಿಸಿಕೊಂಡು ಬಂದೆ. "ಏನ್ ಮಾಡ್ತೀರಿ ಅಂಕಲ್ ಅದನ್ನ?" ಅಂತ ನಕ್ಕ.

ಒಂದು ಚೀಟಿ ಹೀಗಿದೆ: "ರಾಮನದುರ್ಗ, ದಾರಿಯ ಎಡಕ್ಕೆ, ಹೂವು ಬಿಳಿ." ಈಗ ನೋಡಿದರೆ ಹೂವು ಕಂದು. ಒಣಗಿದ ಮೇಲೆ ಬಣ್ಣ ಉಳಿಯಲ್ಲ, ಎಲ್ಲಿ ಬೆಳೆದಿತ್ತು ಅಂತ ಗಿಡ ತಾನಾಗಿ ಹೇಳಲ್ಲ. ಚೀಟಿ ಒಂದು ಕಡೆ, ಎಲೆ ಒಂದು ಕಡೆ ಆದರೆ ಮುಗೀತು, ಅದು ಬರೀ ಹುಲ್ಲು.

ಮೇಷ್ಟ್ರಿಗೆ ರಾಬರ್ಟ್ ವೈಟ್ ಅಂದ್ರೆ ಹುಚ್ಚು. ಈಸ್ಟ್ ಇಂಡಿಯಾ ಕಂಪನಿ ಸೈನ್ಯದ ಡಾಕ್ಟರು, 1834ರಲ್ಲಿ ಭಾರತಕ್ಕೆ ವಾಪಸ್ ಬಂದು ನಮ್ಮ ಬಳ್ಳಾರಿಯಲ್ಲಿದ್ದ ಪಲ್ಟನ್ ಸೇರಿ, ಅದರ ಜೊತೆ ತಮಿಳುನಾಡಿನ ಪಾಳಯಂಕೋಟೆವರೆಗೆ ಸುಮಾರು 700 ಮೈಲಿ ಹೋದವರು. ರಂಗಯ್ಯ, ಗೋವಿಂದು ಅನ್ನೋ ಇಲ್ಲಿನ ಚಿತ್ರಕಾರರಿಂದ ಗಿಡಗಳ ಚಿತ್ರ ಬರೆಸಿದರು. 1838ರಿಂದ 1853ರವರೆಗೆ ಅಚ್ಚಾದ ಅವರ 'ಐಕೋನ್ಸ್' ಸಂಪುಟಗಳಲ್ಲಿ 2,000ಕ್ಕೂ ಜಾಸ್ತಿ ಚಿತ್ರಗಳಿವೆ. ಒಂದು ಆರ್ಕಿಡ್ ಪಂಗಡಕ್ಕೆ ಗೋವಿಂದು ಹೆಸರನ್ನೇ ಇಟ್ಟರು. (ಪಗಾರ ಎಷ್ಟು ಕೊಟ್ಟರೋ ಕೇಳಿ ಅಂತ ನಾನು ಮೇಷ್ಟ್ರನ್ನು ಕೆಣಕುತ್ತಿದ್ದೆ.) ವೈಟ್ ಸಾಹೇಬರು ಇಲ್ಲಿಂದ ಸಸ್ಯಶಾಸ್ತ್ರಜ್ಞ ವಿಲಿಯಂ ಹೂಕರ್‌ಗೆ ಗಿಡಗಳ ಬಗ್ಗೆ ಪತ್ರ ಬರೆಯುತ್ತಿದ್ದರು. ಹೂಕರ್ 1841ರಲ್ಲಿ ಲಂಡನ್ ಹತ್ತಿರದ ಕ್ಯೂ ಸಸ್ಯತೋಟದ ಮುಖ್ಯಸ್ಥರಾದರು, ಆ ಪತ್ರಗಳು ಇವತ್ತಿಗೂ ಅಲ್ಲಿವೆ.

ಅಂದ್ರೆ ಅವು ಉಳಿದಿದ್ದು ಬರೆದವರ ಮನೆಯಲ್ಲಲ್ಲ, ತಲುಪಿದವರ ಹತ್ತಿರ. ಟ್ರಂಕಿನ ತಳದ ಇನ್‌ಲ್ಯಾಂಡ್ ಲೆಟರ್‌ಗಳನ್ನು ಬಿಚ್ಚುವಾಗ ನನಗಿದು ಹೊಳೆಯಿತು. ಎಲ್ಲಾ ಬೇರೆಯವರ ಉತ್ತರಗಳೇ. "ನೀವು ಕಳಿಸಿದ ಬೀಜ ಮೊಳಕೆ ಬಂತು ಸಾರ್" ಅಂತ ಒಬ್ಬರು, "ಇದು ನೀವಂದ ಗಿಡ ಅಲ್ಲ" ಅಂತ ಜಗಳಕ್ಕೆ ನಿಂತವರು ಒಬ್ಬರು. ಮೇಷ್ಟ್ರು ಏನು ಕೇಳಿದ್ದರು, ಎಷ್ಟು ವಾದ ಮಾಡಿದ್ದರು? ಅದೆಲ್ಲ ಯಾರ್ಯಾರದೋ ಅಟ್ಟದ ಮೇಲಿರಬೇಕು. ಇಲ್ಲಾ ಯಾವುದೋ ತಕ್ಕಡಿ ಹತ್ತಿರಬೇಕು.

ಆ ಲೆಟರ್‌ಗಳ ಹಿಂಬದಿಯಲ್ಲಿದ್ದ ವಿಳಾಸಗಳಿಗೆ ಕಾಗದ ಹಾಕಿದೆ. ಧಾರವಾಡದ ಹಿರಿಯರೊಬ್ಬರು ಫೋನ್ ಮಾಡಿದರು. "ಅವರ ಕಾರ್ಡು ಅದಾವ್ರಿ. ಕೊಡಂಗಿಲ್ಲ ಮತ್ತ. ಜೆರಾಕ್ಸ್ ಬೇಕಾದ್ರ ಕಳಿಸ್ತೀನಿ." ಅದೇ ಒಳ್ಳೇದಾಯ್ತು ಅಂದೆ, ಎರಡು ಊರಲ್ಲಿರಲಿ.