ಮಗುವಿಗೆ ಕಲನೀತ್ ಅಂತ ಹೆಸರಿಟ್ಟರು

ಇಸ್ರೇಲಿನಲ್ಲಿ ಗರ್ಭಿಣಿಯನ್ನು ಕಂಡರೆ 'ಮಜಲ್ ತೊವ್', ಅಂದರೆ ಅಭಿನಂದನೆ, ಅನ್ನುವುದಿಲ್ಲ. 'ಬೆಶಾಆ ತೊವಾ' ಅನ್ನುತ್ತಾರೆ, ಒಳ್ಳೆ ಗಳಿಗೆಯಲ್ಲಿ ಆಗಲಿ ಅಂತ. ತುಂಬಾ ಮನೆಗಳಲ್ಲಿ ಮಗು ಹುಟ್ಟುವ ತನಕ ತೊಟ್ಟಿಲನ್ನೂ ತರುವುದಿಲ್ಲ, ಹೆಸರನ್ನೂ ಬಾಯಿಬಿಟ್ಟು ಹೇಳುವುದಿಲ್ಲ. ನಾನು ನೋಡಿಕೊಳ್ಳುವ ಅಜ್ಜಿಯ ಮೊಮ್ಮಗಳೂ ಹಾಗೇ ಗುಟ್ಟು ಮಾಡಿದ್ದಳು. ಗಂಡು ಮಗುವಾದರೆ ಎಂಟನೇ ದಿನ ಸುನ್ನತಿಯ ಹೊತ್ತಿಗೆ ಹೆಸರು. ಹೆಣ್ಣಿಗೆ ಅಂಥ ಗಡುವಿಲ್ಲ. ಸಿನಗಾಗಿನಲ್ಲಿ, ಅಂದರೆ ಯಹೂದಿಗಳ ಪ್ರಾರ್ಥನಾ ಮಂದಿರದಲ್ಲಿ, ಅವರ ಧರ್ಮಗ್ರಂಥ ತೋರಾ ಓದುವ ದಿನ ಹೆಸರು ಹೇಳಿಸುತ್ತಾರೆ, ಇಲ್ಲವೇ ಮನೆಯವರೆಲ್ಲ ಸೇರಿ ಊಟ ಹಾಕುತ್ತಾರೆ. ಆ ಊಟದ ದಿನ ಗೊತ್ತಾಯಿತು, ಮಗುವಿನ ಹೆಸರು ಕಲನೀತ್. ಅದು ಇಲ್ಲಿನ ಒಂದು ಹೂವಿನ ಹೆಸರು.

ಸಾಫ್ತಾ ಮೊದಲು ಒಪ್ಪಲಿಲ್ಲ. (ಇಲ್ಲಿ ಅಜ್ಜಿಗೆ ಸಾಫ್ತಾ ಅನ್ನುತ್ತಾರೆ, ನಾನೂ ಹಾಗೇ ಕರೆಯುತ್ತೇನೆ.) "ಅದು ಟೀಚರಮ್ಮಂದಿರ ಹೆಸರು ಕಣೇ, ಶಾಲೆಯಲ್ಲಿ ಮಕ್ಕಳು ನಗುತ್ತಾರೆ" ಅಂದರು.

ಅವರ ಮಾತಿನಲ್ಲಿ ಸತ್ಯ ಇದೆ. ಹಿಂದೆ ಇಲ್ಲಿ ಹೆಣ್ಣುಮಕ್ಕಳಿಗೆ ಹೂವಿನ ಹೆಸರಿಡುವ ಕಾಲವೊಂದಿತ್ತು. ನುರೀತ್, ಇರೀತ್, ಸಿಗಲೀತ್, ರಕೇಫೆತ್, ವೆರೆದ್. ಈಗ ಅವರೆಲ್ಲ ಅಮ್ಮಂದಿರು, ಅಜ್ಜಿಯರು. ನಮ್ಮಲ್ಲಿ ಸರೋಜ, ವನಜ, ನಳಿನಿ ಅನ್ನುವ ಹೆಸರು ಕೇಳಿದರೆ ವಯಸ್ಸು ಅಂದಾಜಾಗುತ್ತದಲ್ವಾ, ಹಾಗೆ. ಇವತ್ತಿನ ಅಪ್ಪ ಅಮ್ಮಂದಿರಿಗೆ ಚಿಕ್ಕ ಹೆಸರು ಇಷ್ಟ. ಹುಡುಗನಿಗೂ ಹುಡುಗಿಗೂ ಆಗುವಂಥದ್ದಾದರೆ ಇನ್ನೂ ಇಷ್ಟ: ತಾಲ್, ಗಾಲ್, ನೋಅಮ್, ಯುವಾಲ್.

ಸರ್ಕಾರದ ಅಂಕಿಅಂಶ ಇಲಾಖೆ ಪ್ರತಿ ವರ್ಷ ಹೆಸರುಗಳ ಪಟ್ಟಿ ಹೊರಡಿಸುತ್ತದೆ. ಪೇಪರಿನಲ್ಲಿ ಜನ ಅದನ್ನು ಆಸೆಯಿಂದ ಓದುತ್ತಾರೆ. ಯಹೂದಿ ಹುಡುಗಿಯರಲ್ಲಿ 2000ದ ಆಚೆ ಬಹಳ ವರ್ಷ ನೋಆ ಅನ್ನುವ ಹೆಸರೇ ಮುಂದಿತ್ತು. ಇದು ಬೈಬಲಿನಲ್ಲಿ ಹಡಗು ಕಟ್ಟಿದ ನೋಹನ ಹೆಸರಲ್ಲ. ಅಪ್ಪನ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೂ ಪಾಲು ಬೇಕು ಅಂತ ಮೋಶೆಯ ಮುಂದೆ ನಿಂತ ಐವರು ಅಕ್ಕತಂಗಿಯರಲ್ಲಿ ಒಬ್ಬಳು ಈ ನೋಆ. ಆಮೇಲೆ ತಾಮಾರ್, ಅವಿಗೈಲ್ ಮುಂದೆ ಬಂದವು. ಕಲನೀತ್ ಆ ಪಟ್ಟಿಯಲ್ಲಿ ಕಣ್ಣಿಗೆ ಬೀಳುವುದಿಲ್ಲ. ಮೊಮ್ಮಗಳು ಅಜ್ಜಿಗೆ ಇದನ್ನೇ ಹೇಳಿದಳು: "ನನ್ನ ಕ್ಲಾಸಿನಲ್ಲಿ ಮೂರು ಜನ ನೋಆ ಇದ್ದರು ಸಾಫ್ತಾ. ಇವಳು ಒಬ್ಬಳೇ ಇರಲಿ."

ಕಲನೀತ್ ಅಂದರೆ ಇಲ್ಲಿನ ಕೆಂಪು ಕಾಡುಹೂವು. 2013ರಲ್ಲಿ ಜನರೇ ಓಟು ಹಾಕಿ ಅದನ್ನು ದೇಶದ ಹೂವಾಗಿ ಆರಿಸಿದರು. ಜನವರಿಯಿಂದ ಮಾರ್ಚ್ ತನಕ, ಮಳೆ ಬಿದ್ದ ಮೇಲೆ ಅರಳುತ್ತದೆ. ಒಂದು ದಂಟಿಗೆ ಒಂದೇ ಹೂವು. ನಡುವೆ ಕಪ್ಪು, ಸಂಜೆ ಮುಚ್ಚಿಕೊಳ್ಳುತ್ತದೆ. ಇದೇ ಬಣ್ಣದ ಇನ್ನೆರಡು ಹೂಗಳಿವೆ, ನುರೀತ್ ಮತ್ತು ಗಸಗಸೆಯ ಜಾತಿಯ ಪೆರೆಗ್. ದೂರದಿಂದ ಮೂರೂ ಒಂದೇ ಥರ. ಗುರುತಿಸುವುದು ಹೇಗೆ ಅಂತ ಸಾಫ್ತಾ ನನಗೆ ಪಾರ್ಕಿನಲ್ಲಿ ತೋರಿಸಿಕೊಟ್ಟರು. ಹೂವಿನ ಕೆಳಗೆ ದಂಟಿನ ಸುತ್ತ ಸೀಳುಸೀಳಾದ ಹಸಿರು ಎಲೆಗಳ ಕಾಲರ್ ಇದ್ದರೆ ಅದು ಕಲನೀತ್. ಎಸಳು ಮಿರಮಿರ ಹೊಳೆಯುತ್ತಿದ್ದರೆ ನುರೀತ್. ಮೊದಲು ಬರುವುದು ಕಲನೀತ್, ಕೊನೆಗೆ ಪೆರೆಗ್. ಮುಟ್ಟಿ ನೋಡಬಹುದು, ಕೀಳುವ ಹಾಗಿಲ್ಲ. ಹಿಂದೆ ಜನ ಕಂತೆ ಕಟ್ಟಿ ಮಾರುತ್ತಿದ್ದರಂತೆ. 1960ರ ದಶಕದಲ್ಲಿ ಕಾಡುಹೂ ಕೀಳಬೇಡಿ ಅಂತ ದೊಡ್ಡ ಪ್ರಚಾರ ನಡೆಯಿತು, ಶಾಲೆ ಶಾಲೆಗೆ ಪೋಸ್ಟರ್ ಹೋಯಿತು. ಆ ಪಾಠ ಇಲ್ಲಿಯವರ ಮನಸ್ಸಿನಲ್ಲಿ ಇನ್ನೂ ಗಟ್ಟಿಯಾಗಿದೆ.

ದಕ್ಷಿಣದ ನೆಗೆವ್ ಕಡೆ ಬಯಲಿಗೆ ಬಯಲೇ ಕೆಂಪಾಗುತ್ತದೆ. ಆ ಬಯಲುಗಳು ಗಾಜಾ ಗಡಿಯ ಪಕ್ಕದಲ್ಲೇ ಇವೆ. 2023ರ ಅಕ್ಟೋಬರ್ 7ರ ದಾಳಿ ನಡೆದದ್ದೂ ಅಲ್ಲೇ. ಅಂದಿನಿಂದ ಸತ್ತವರ ನೆನಪಿಗೂ ಜನ ಈ ಹೂವನ್ನೇ ಇಡುತ್ತಾರೆ. ಅರಬ್ಬಿ ಮಾತಾಡುವವರಿಗೂ ಇದು ಪ್ರೀತಿಯ ಹೂವು, ಶಕಾಇಕ್ ಅನ್ನುಅಮಾನ್ ಅನ್ನುತ್ತಾರೆ. ಇಂಥ ಹೊತ್ತಿನಲ್ಲಿ ಈ ಹೆಸರು ಯಾಕೆ ಬೇಕಿತ್ತು ಅಂತ ನನಗೂ ಅನಿಸಿತ್ತು.

ಕಾರಣ ಆಮೇಲೆ ತಿಳಿಯಿತು. ಸಾಫ್ತಾ ಹುಟ್ಟಿದ್ದು ರೊಮೇನಿಯಾದಲ್ಲಿ. ಅವರಿಗೊಬ್ಬ ಅಕ್ಕ ಇದ್ದಳು, ಹೆಸರು ಬ್ಲೂಮಾ. ಎರಡನೇ ಮಹಾಯುದ್ಧದ ವರ್ಷಗಳಲ್ಲಿ ತೀರಿಕೊಂಡಳು. ಸಾಫ್ತಾ ಆ ಬಗ್ಗೆ ಜಾಸ್ತಿ ಮಾತಾಡುವುದಿಲ್ಲ. ಯೂರೋಪಿನಿಂದ ಬಂದ ಯಹೂದಿಗಳು ಬದುಕಿರುವವರ ಹೆಸರನ್ನು ಮಗುವಿಗೆ ಇಡುವುದಿಲ್ಲ, ತೀರಿಹೋದವರದ್ದನ್ನೇ ಇಡುತ್ತಾರೆ. ಉತ್ತರ ಆಫ್ರಿಕಾ ಕಡೆಯಿಂದ ಬಂದವರಲ್ಲಿ ಇದು ಉಲ್ಟಾ, ಅಜ್ಜ ಅಜ್ಜಿ ಎದುರಿಗೆ ಕೂತಿರುವಾಗಲೇ ಅವರ ಹೆಸರಿಟ್ಟು ಗೌರವ ಕೊಡುತ್ತಾರೆ. ಆದರೆ ಯೂರೋಪಿನ ಯಹೂದಿಗಳ ಹಳೆಯ ಭಾಷೆಯಾದ ಯಿದ್ದಿಷ್‌ನ ಹೆಸರು ಇವತ್ತಿನ ಮಗುವಿಗೆ ಒಗ್ಗುವುದಿಲ್ಲ ಅನಿಸಿದಾಗ ಅದೇ ಅರ್ಥದ ಹೀಬ್ರೂ ಹೆಸರು ಹುಡುಕುತ್ತಾರೆ. ಹಕ್ಕಿ ಅನ್ನುವ ಫೈಗೆಲೆ ಸಿಪೋರಾ ಆಗುತ್ತಾಳೆ, ಚಿನ್ನದ ಗೋಲ್ಡಾ ಜೆಹಾವಾ ಆಗುತ್ತಾಳೆ, ತೋಳದ ವೋಲ್ಫ್ ಜೆಏವ್ ಆಗುತ್ತಾನೆ. ದೊಡ್ಡವರೂ ಹೀಗೆ ಹೆಸರು ಬದಲಿಸಿದ್ದುಂಟು. ಮೊದಲ ಪ್ರಧಾನಿ ಬೆನ್ ಗುರಿಯನ್ ಹುಟ್ಟುವಾಗ ಗ್ರೂನ್ ಮನೆತನದವರು.

ಬ್ಲೂಮಾ ಅಂದರೆ ಹೂವು. ಮಗು ಹುಟ್ಟಿದ್ದು ಫೆಬ್ರವರಿಯಲ್ಲಿ, ಕಲನೀತ್ ಅರಳುವ ಹೊತ್ತಿಗೆ. ಮೊಮ್ಮಗಳು ಇಷ್ಟು ಹೇಳಿದ ಮೇಲೆ ಸಾಫ್ತಾ ಟೀಚರಮ್ಮನ ಮಾತು ಬಿಟ್ಟರು. ಮಗುವನ್ನು ಎತ್ತಿಕೊಂಡು ಮೊದಲು ಹೀಬ್ರೂವಿನಲ್ಲಿ ಕರೆದರು, ಆಮೇಲೆ ಯಿದ್ದಿಷ್‌ನಲ್ಲಿ ಅದೇನೋ ತುಂಬಾ ಹೊತ್ತು ಹೇಳಿದರು. ನನಗೆ ಬ್ಲೂಮಾ ಅನ್ನುವುದೊಂದೇ ತಿಳಿಯಿತು.

ಉಡುಪಿಯಿಂದ ನನ್ನ ತಂಗಿ ಕೇಳುತ್ತಿದ್ದಾಳೆ, ನಮ್ಮ ಮಗುವಿಗೂ ಇಡಬಹುದಾ ಅಂತ. ಖಂಡಿತ ಇಡಬಹುದು. ಕರೆಯುವಾಗ ಕೊನೆಯ 'ನೀತ್' ಮೇಲೆ ಒತ್ತು ಕೊಡಬೇಕು, ಅಷ್ಟೇ. ಇಟ್ಟರೆ ನನಗೆ ತಿಳಿಸಿ, ಸಾಫ್ತಾಗೆ ಹೇಳುತ್ತೇನೆ. ಅವರು ಖುಷಿ ಪಡುತ್ತಾರೆ.