ಕೊನೆಯವರು ಯಾರು?

ಶನಿವಾರ, 15 ಫೆಬ್ರವರಿ 2025
ಮ್ಯಾಡ್ರಿಡ್

ತಂದ ತರಕಾರಿ ಇನ್ನೂ ಅಡುಗೆಮನೆ ಕಟ್ಟೆಯ ಮೇಲೇ ಇದೆ. ಮೊದಲು ಇದನ್ನು ಬರೆದುಬಿಡಬೇಕು.

ಇವತ್ತು ಮಾರ್ಕೆಟ್ಟಿನಲ್ಲಿ ಒಬ್ಬರು ಅಜ್ಜಿ ‘ಕೊನೆಯವರು ಯಾರು?’ ಎಂದು ಕೇಳಿದರು. ನಾನು ‘ನಾನೇ’ ಎಂದೆ. ನಡೆದದ್ದು ಇಷ್ಟೇ. ಆದರೆ ಆ ಒಂದು ‘ನಾನೇ’ ಬಾಯಿಂದ ಹೊರಡಲು ಎರಡೂವರೆ ವರ್ಷ ಹಿಡಿಯಿತು.

ಬ್ರಾವೊ ಮುರಿಯೊ ರಸ್ತೆಯ ಮರಾಬಿಯಾಸ್ ಮಾರ್ಕೆಟ್ಟು ಮನೆಯಿಂದ ಹತ್ತು ನಿಮಿಷದ ನಡಿಗೆ. 1942ರಿಂದ ಇದೆ. ಮೀನು, ಮಾಂಸ, ಹಣ್ಣು, ಚೀಸ್ ಎಲ್ಲ ಒಂದೇ ಸೂರಿನಡಿ. ಲ್ಯಾಟಿನ್ ಅಮೆರಿಕದಿಂದ ಬಂದು ನೆಲೆಸಿದವರು ಈ ಕಡೆ ಜಾಸ್ತಿ ಇರುವುದರಿಂದ ಬಾಳೆಕಾಯಿ, ಮರಗೆಣಸು, ಕಟ್ಟುಗಟ್ಟಲೆ ಕೊತ್ತಂಬರಿ ಸೊಪ್ಪು ಕೂಡ ಸಿಗುತ್ತದೆ. ನನ್ನಂಥವಳಿಗೆ ಹೇಳಿ ಮಾಡಿಸಿದ ಜಾಗ. ಆದರೂ ಮೊದಲ ಒಂದೂವರೆ ವರ್ಷ ಅದರ ಬಾಗಿಲು ದಾಟಿ ಹೋಗಿ ಸೂಪರ್ ಮಾರ್ಕೆಟ್ಟಿಗೇ ಹೋಗುತ್ತಿದ್ದೆ. ಅಲ್ಲಿ ಯಾರ ಜೊತೆಗೂ ಮಾತಾಡಬೇಕಿರಲಿಲ್ಲ.

ಮಾರ್ಕೆಟ್ಟಿನ ಅಂಗಡಿ ಮುಂದೆ ಸಾಲು ನಿಲ್ಲುವ ಪದ್ಧತಿ ಇಲ್ಲ. ಜನ ಅಲ್ಲೊಬ್ಬರು ಇಲ್ಲೊಬ್ಬರು ಹರಟುತ್ತಾ ನಿಂತಿರುತ್ತಾರೆ. ಹೊಸದಾಗಿ ಬಂದವರು ಎಲ್ಲರಿಗೂ ಕೇಳುವ ಹಾಗೆ ‘ಕ್ಯೆನ್ ಎಸ್ ಎಲ್ ಉಲ್ತಿಮೊ?’ ಅನ್ನಬೇಕು. ಕೊನೆಯವರು ಯಾರು ಅಂತ. ಗುಂಪಿನಲ್ಲಿ ಒಬ್ಬರು ‘ಯೊ’ ಅನ್ನುತ್ತಾರೆ, ನಾನು. ಅಲ್ಲಿಂದ ಅವರ ಹಿಂದೆ ನಾವು. ಆಮೇಲೆ ಬಂದವರು ಕೇಳಿದಾಗ ‘ಯೊ’ ಅನ್ನುವ ಜವಾಬ್ದಾರಿ ನಮ್ಮದು. ಬಾಯಿ ಬಿಡದವರಿಗೆ ಸರದಿಯೇ ಇಲ್ಲ. ಒಮ್ಮೆ ತರಕಾರಿ ಅಂಗಡಿ ಮುಂದೆ ಇಪ್ಪತ್ತು ನಿಮಿಷ ಸುಮ್ಮನೆ ನಿಂತಿದ್ದು, ಏನೂ ಕೊಳ್ಳದೆ ವಾಪಸ್ ಬಂದಿದ್ದೇನೆ.

2023ರಲ್ಲಿ ಒಂದು ದಿನ ಡಾಕ್ಟರ ಹತ್ತಿರ ಹೋಗಬೇಕಾಯಿತು. ಹೆಂಗಸರ ತೊಂದರೆ. ಮಗಳನ್ನು ಜೊತೆಗೆ ಕರೆದುಕೊಂಡು ಹೋಗಿದ್ದೆ, ಅವಳಿಗಾಗ ಹನ್ನೆರಡು. ನಾನು ಕನ್ನಡದಲ್ಲಿ ಪಿಸುಗುಟ್ಟುವುದು, ಅವಳು ಅದನ್ನು ಸ್ಪ್ಯಾನಿಷ್‌ನಲ್ಲಿ ಹೇಳುವುದು. ಎಷ್ಟು ದಿನದಿಂದ ರಕ್ತ ಹೋಗ್ತಿದೆ ಅಂತ ಡಾಕ್ಟರ್ ಕೇಳಿದ್ದು ಅವಳನ್ನು, ನನ್ನನ್ನಲ್ಲ. ಮಗು ಮೇಜಿನ ಮೇಲಿದ್ದ ಪೆನ್ನು ನೋಡುತ್ತಾ ಉತ್ತರ ಕೊಟ್ಟಳು. ಬಸ್ಸಿನಲ್ಲಿ ಮನೆಗೆ ಬರುವಾಗ ಇಬ್ಬರೂ ಮಾತಾಡಲಿಲ್ಲ. ತಾಯಿಯಾದವಳು ಮಗಳ ಮೇಲೆ ಹೊರಿಸಬಾರದ ಹೊರೆ ಅದು. ಆ ಅಕ್ಟೋಬರಿನಲ್ಲೇ ಸರ್ಕಾರಿ ಭಾಷಾ ಶಾಲೆಗೆ ಸೇರಿದೆ. ‘ಎಸ್ಕುಎಲಾ ಒಫಿಥಿಯಾಲ್ ದೆ ಇದಿಯೋಮಾಸ್’ ಎಂಬ ಈ ಶಾಲೆಗಳು ದೇಶದ ಉದ್ದಗಲಕ್ಕೂ ಇವೆ, ಮೊದಲನೆಯದು ಶುರುವಾದದ್ದು ಇದೇ ಊರಿನಲ್ಲಿ, 1911ರಲ್ಲಿ. ನಲವತ್ತೈದನೇ ವಯಸ್ಸಿನಲ್ಲಿ ಮತ್ತೆ ಪಾಟೀಚೀಲ.

ಮೊದಮೊದಲು ಎಲ್ಲವನ್ನೂ ಇಂಗ್ಲಿಷ್ ದಾರಿಯಲ್ಲೇ ಕಲಿಯುತ್ತಿದ್ದೆ. ‘ಐ ಲೈಕ್ ಕಾಫಿ’ ಅಂತ ಮನಸ್ಸಿನಲ್ಲಿ ಹೇಳಿಕೊಂಡು, ಅದನ್ನು ತಿರುಗಿಸಲು ಹೋಗಿ ‘ಯೊ ಗುಸ್ತೊ’ ಅನ್ನುತ್ತಿದ್ದೆ. ಟೀಚರ್ ಪ್ರತಿ ಸಲ ತಿದ್ದುತ್ತಿದ್ದರು: ‘ಮೆ ಗುಸ್ತಾ ಎಲ್ ಕಫೆ’. ಒಂದು ಸಂಜೆ ಮೆಟ್ರೊದಲ್ಲಿ ನೋಟ್ಸ್ ತಿರುವಿಹಾಕುತ್ತಿದ್ದಾಗ ತಟ್ಟನೆ ಹೊಳೆಯಿತು. ಇದು ‘ನನಗೆ ಕಾಫಿ ಇಷ್ಟ’ ಅಲ್ಲವಾ! ‘ಮೆ’ ಅಂದರೆ ‘ನನಗೆ’. ‘ಮೆ ದುಎಲೆ ಲಾ ಕಬೆಥಾ’ ಅಂದರೆ ನನಗೆ ತಲೆ ನೋಯುತ್ತಿದೆ. ‘ಸೆ ಮೆ ಆ ಒಲ್ಬಿದಾದೊ’ ಅಂದರೆ ನನಗೆ ಮರೆತುಹೋಗಿದೆ, ನಾವು ಹೇಳುವ ಹಾಗೆಯೇ, ತಾನಾಗಿ ಮರೆತುಹೋದದ್ದು. ‘ಆಬ್ಲೊ’ ಅಂದರೆ ಸಾಕು, ‘ಮಾತಾಡ್ತೀನಿ’. ನಾನು ಅಂತ ಬೇರೆ ಹೇಳಬೇಕಿಲ್ಲ. ನೀನು, ನೀವು ಎರಡೂ ಉಂಟು. ಅವತ್ತಿನಿಂದ ಇಂಗ್ಲಿಷನ್ನು ನಡುವೆ ತರುವುದು ಬಿಟ್ಟೆ. ಎಲ್ಲವೂ ಹೀಗೆ ಹೊಂದುವುದಿಲ್ಲ, ನಿಜ. ಮೇಜು ಹೆಣ್ಣು, ಪುಸ್ತಕ ಗಂಡು ಎಂಬ ಲೆಕ್ಕ ನನಗಿನ್ನೂ ಕೈಗೆ ಹತ್ತಿಲ್ಲ.

ಉಚ್ಚಾರಣೆಯಲ್ಲೂ ಒಂದು ನಂಟು ಸಿಕ್ಕಿತು. ಅವರ ‘ರ’ ಎರಡು ಬಗೆ. ‘ಕಾರೊ’ ಅಂದರೆ ದುಬಾರಿ, ಅದೇ ‘ರ’ ನಾಲಗೆಯ ತುದಿಯಲ್ಲಿ ಗಿರ್ರನೆ ಅದುರಿದರೆ ಗಾಡಿ. ಹೈಸ್ಕೂಲಿನಲ್ಲಿ ಕನ್ನಡ ಮೇಷ್ಟ್ರು ಹಳಗನ್ನಡದ ಇನ್ನೊಂದು ‘ರ’, ಶಕಟರೇಫ ‘ಱ’, ಬರೆದು ತೋರಿಸಿದ್ದರು. ‘ಅರಿ’ ಬೇರೆ, ‘ಅಱಿ’ ಬೇರೆ, ಒಂದು ಕತ್ತರಿಸು, ಇನ್ನೊಂದು ತಿಳಿ. ಆ ಅಕ್ಷರವನ್ನು ಈಗ ನನ್ನ ಸ್ಪ್ಯಾನಿಷ್ ನೋಟ್‌ಬುಕ್ಕಿನಲ್ಲಿ ಬಳಸುತ್ತಿದ್ದೇನೆ: ಕಾರೊ, ಕಾಱೊ. ಪದದ ಮೊದಲಲ್ಲಿ ಬರುವ ‘ರ’ ಯಾವಾಗಲೂ ಅದುರುವ ‘ರ’ವೇ. ಪಾತ್ರೆ ತೊಳೆಯುವಾಗ ನಲ್ಲಿ ಸದ್ದಿನ ಮರೆಯಲ್ಲಿ ಎಷ್ಟು ತಿಂಗಳು ಅದನ್ನು ಹೇಳಿಕೊಂಡಿದ್ದೇನೋ.

ಇವತ್ತು ಹೋಗಿದ್ದು ಆಲಿವ್ ಅಂಗಡಿಗೆ. ಉಪ್ಪುನೀರಿನ ಡಬರಿಗಳಲ್ಲಿ ಬಗೆಬಗೆಯ ಆಲಿವ್. ‘ಲಾ ಉಲ್ತಿಮಾ?’ ಎಂದು ಕೇಳಿದೆ. ಕಂಕುಳಲ್ಲಿ ಬ್ರೆಡ್ ಇಟ್ಟುಕೊಂಡಿದ್ದವರೊಬ್ಬರು ‘ಯೊ’ ಎಂದರು. ಅಷ್ಟರಲ್ಲಿ ಚಕ್ರದ ಚೀಲ ಎಳೆದುಕೊಂಡು ಅಜ್ಜಿ ಬಂದರು. ‘ಕ್ಯೆನ್ ದಾ ಲಾ ಬೆಥ್?’ ಎಂದರು. ಹಳೆಯ ಕಾಲದವರು ಕೇಳುವ ರೀತಿ ಇದು, ಸರದಿ ಕೊಡುವವರು ಯಾರು ಅಂತ. ಒಂದು ಕ್ಷಣ ಯಾರೂ ಮಾತಾಡಲಿಲ್ಲ. ಕೊಡಬೇಕಾದವಳು ನಾನು! ‘ಯೊ, ಸೆಞೊರಾ’ ಎಂದೆ. ದನಿ ನಾನಂದುಕೊಂಡದ್ದಕ್ಕಿಂತ ಜೋರಾಗಿಯೇ ಬಂತು.

ಅಜ್ಜಿ ನನ್ನ ಪಕ್ಕಕ್ಕೇ ಬಂದು ನಿಂತರು. ಎಲ್ಲದರ ಬೆಲೆ ಏರಿಬಿಟ್ಟಿದೆ, ‘ಮುಯ್ ಕಾರೊ’ ಅಂತ ಶುರುಮಾಡಿದರು. ಹೌದು, ಎಣ್ಣೆಯ ಬೆಲೆ ಕೇಳಿದರೆ ಎದೆ ಝಲ್ಲೆನ್ನುತ್ತದೆ ಎಂದು ನಾನೂ ಹೇಳಿದೆ. ಎಣ್ಣೆಗೆ ಗಂಡಿನ ‘ಎಲ್’ ಹಾಕುವ ಬದಲು ಹೆಣ್ಣಿನ ‘ಲಾ’ ಹಾಕಿದ್ದೆ, ಬಾಯಿಂದ ಹೊರಬಿದ್ದ ಮೇಲೆ ಗೊತ್ತಾಯಿತು. ಮೊದಲಾಗಿದ್ದರೆ ಅಲ್ಲಿಗೆ ನನ್ನ ಮಾತು ಮುಗಿಯುತ್ತಿತ್ತು. ಅಜ್ಜಿ ಅದನ್ನು ಕಿವಿಗೇ ಹಾಕಿಕೊಳ್ಳದೆ ಚಳಿಯ ವಿಷಯಕ್ಕೆ ಹೋದರು, ಚಳಿಯಿಂದ ಮಂಡಿನೋವಿಗೆ. ಬಗ್ಗಿ ಮಂಡಿ ತಟ್ಟಿ ತೋರಿಸುತ್ತಾ ‘ಲಾ ಱೊದಿಯಾ, ಇಹಾ’ ಎಂದರು. ಇಹಾ ಅಂದರೆ ಮಗಳೇ. ಅಮ್ಮ ಹೋದ ಮೇಲೆ ಎದುರು ನಿಂತು ನನ್ನನ್ನು ಯಾರೂ ಹಾಗೆ ಕರೆದಿರಲಿಲ್ಲ. ನನಗೂ ಮಂಡಿನೋವಿದೆ ಎಂದೆ. ಇನ್ನೇನು, ಬಿಸಿನೀರಿನ ಶಾಖದಿಂದ ಹಿಡಿದು ಮೆಟ್ಟಿಲು ಹತ್ತುವ ಕ್ರಮದವರೆಗೆ ಎಲ್ಲ ಹೇಳಿಕೊಟ್ಟರು. ಅರ್ಧ ತಿಳಿಯಿತು, ಉಳಿದರ್ಧ ಅವರ ಕೈ ನೋಡಿ ಗೊತ್ತಾಯಿತು.

ನನ್ನ ಸರದಿ ಬಂತು. ‘ಕ್ವಾರ್ತೊ ಇ ಮಿತಾದ್’ ಎಂದು ಕೇಳಿದೆ, ಕಾಂಪೊ ಱೆಆಲ್‌ನ ಆಲಿವ್. ಅದು ಮ್ಯಾಡ್ರಿಡ್ ಪಕ್ಕದ ಊರು, ಸೋಂಪು, ಥೈಮ್ ಎಲ್ಲ ಹಾಕಿ ಊರಿಸಿದ ಆಲಿವ್‌ಗೆ ಹೆಸರುವಾಸಿ. ಕ್ವಾರ್ತೊ ಇ ಮಿತಾದ್ ಅಂದರೆ ಕಾಲು ಕೆಜಿ, ಜೊತೆಗೆ ಆ ಕಾಲಿನ ಅರ್ಧ. ಒಟ್ಟು 375 ಗ್ರಾಂ. ಪುಸ್ತಕ ಓದಿ ಬರುವ ಮಾತಲ್ಲ ಇದು, ಇಲ್ಲಿ ನಿಂತೇ ಕಲಿತದ್ದು. ನಮ್ಮಜ್ಜಿ ಸೇರು ಪಾವಿನ ಲೆಕ್ಕದಲ್ಲಿ ‘ಒಂದೂವರೆ ಪಾವು’ ಅನ್ನುತ್ತಿದ್ದದ್ದೂ ಇದೇ ಪಾಲು. ಅಂಗಡಿಯವರು ತೂತಿನ ಸೌಟಿನಲ್ಲಿ ನೀರು ಬಸಿದು ತಕ್ಕಡಿಗೆ ಹಾಕಿದರು. 390 ಬಂತು. ತುಸು ಜಾಸ್ತಿ, ಇರಲಾ ಎಂದರು. ಇರಲಿ ಎಂದೆ. ಆಚೆ ತರಕಾರಿಯವರು ಕೇಳದೆಯೇ ಒಂದು ಹಿಡಿ ಪಾರ್ಸ್ಲಿ ಸೊಪ್ಪು ಚೀಲಕ್ಕೆ ಹಾಕಿದರು. ತಿಪಟೂರಿನಲ್ಲಿ ಕರಿಬೇವು ಕೊಸರು ಹಾಕುವ ಹಾಗೆ.

ಗುರುವಾರ ಬೆಳಿಗ್ಗೆ ಡಾಕ್ಟರ ಹತ್ತಿರ ಮಂಡಿ ತೋರಿಸಬೇಕು. ಶಾಲೆಗೆ ರಜಾ ಹಾಕಲಾ ಎಂದು ಮಗಳು ಕೇಳಿದಳು. ಬೇಡ, ನೀನು ಶಾಲೆಗೆ ಹೋಗು ಎಂದೆ. ಸುಮ್ಮನೆ ನನ್ನ ಮುಖ ನೋಡಿ, ತಟ್ಟೆಯಿಂದ ಒಂದು ಆಲಿವ್ ತೆಗೆದುಕೊಂಡು ರೂಮಿಗೆ ಹೋದಳು.

ನೋಟ್‌ಬುಕ್ಕಿನಲ್ಲಿ ಬರೆದಿಟ್ಟಿದ್ದೇನೆ: ಮೆ ದುಎಲೆ ಲಾ ಱೊದಿಯಾ. ದೆಸ್ದೆ ಆಥೆ ತ್ರೆಸ್ ಸೆಮಾನಾಸ್. ಮೂರು ವಾರದಿಂದ.